ಸಾಲು ಏಳು

ಸಾನ್ ಹೊಸೆಯಲ್ಲಿ, ಪೋರ್ಚುಗೀಸ್ ಬೇಕರಿಯ ಮಹಡಿಯ ಮೇಲೆ
ಒಂದೇ ಕೋಣೆಯ ಕಂಪನಿ ನಮ್ಮದು. ತೊಂಬತ್ನಾಲ್ಕರ ಮಾರ್ಚ್.
ನಸುಕಿಗೇ ಸಿಹಿರೊಟ್ಟಿಯ ವಾಸನೆ ನೆಲದ ಸೀಳಿನಿಂದ ಏರಿ
ಬಿಚ್ಚಿಟ್ಟ ಯಂತ್ರಗಳ ಹೊಟ್ಟೆಯೊಳಗೆ ಕೂರುತ್ತಿತ್ತು.
ಲಿಯೊನೊರ್ ಬೆತೆಂಕೂರ್, ಇಡೀ ರಾತ್ರಿ ಎದ್ದಿದ್ದವಳು,
ಬೆರಳಿನ ಬೆಣ್ಣೆ ಒರೆಸಿಕೊಳ್ಳುತ್ತ ಕೇಳಿದಳು:
"ಲೋಕದಲ್ಲಿ ವಿಳಾಸಗಳು ಮುಗಿಯುತ್ತಿವೆ, ಗೊತ್ತೇನು?"

ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು.
ನಾನೂರು ಕೋಟಿ ಚಿಲ್ಲರೆ ಅಂಕಿ; ದೊಡ್ಡವರು ಮೊದಲೇ
ಗೋಣಿಗಟ್ಟಲೆ ಹೊತ್ತುಕೊಂಡು ಹೋಗಿದ್ದರು.
ಇನ್ನೂ ಉದ್ದದ ವಿಳಾಸ ಬರಲೆಂದು
ಸಭೆಗಳು ಕೂತಿದ್ದವು, ಕೂತೇ ಇದ್ದವು.
ಕಾಯುವ ಜಾಯಮಾನ ಅವಳದಲ್ಲ.

ಅವಳಜ್ಜಿ ದೆಯೊಲಿಂಡಾ, ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯ ಹಿಂದೆ
ಹತ್ತೊಂಬತ್ತು ಗಂಡಸರಿಗೆ ಊಟ, ಮಂಚ ಕೊಟ್ಟು ಬದುಕಿದವಳು.
ಏಪ್ರಿಕಾಟಿನ ಜೊತೆ ಬಂದು ಚಳಿಗೆ ಚದುರುವ ಜನ;
ತೆರ್ಸೇರಾ, ಪೀಕೋ, ಸಾವೊ ಜೋರ್ಜ್, ಒಬ್ಬೊಬ್ಬರದು ಒಂದೊಂದು ದ್ವೀಪ.
ಎಲ್ಲರಿಗೂ ಸೇರಿ ಒಂದೇ ಅಂಚೆಪೆಟ್ಟಿಗೆ.
ಅಜ್ಜಿಗೆ ಓದು ಬಾರದು. ಅಂಕಿ ಬರುತ್ತಿತ್ತು,
ಮೊಟ್ಟೆ ಎಣಿಸಿ ಕಲಿತದ್ದು.
ಯಾರೇ ಊರಿಗೆ ಕಾಗದ ಬರೆಯಲಿ,
ಮನೆಯ ನಂಬರಿನ ಪಕ್ಕ ಗೆರೆಯೆಳೆದು ತಾನೊಂದು ಅಂಕಿ ಹಾಕುವಳು;
ಅದೇ ಅಂಕಿ ಅಡುಗೆಮನೆಯ ಪುಸ್ತಕದಲ್ಲೂ,
ಎದುರಿಗೆ ಮಂಚದ ಚಿತ್ರ: ಕಿಟಕಿ ಬದಿಯದು, ಮೆಟ್ಟಿಲ ಕೆಳಗಿನದು.
ಊರಿನವರು ವಿಳಾಸ ಇದ್ದಂತೆ ನಕಲಿಸುವರು.
ಉತ್ತರದ ಬೆನ್ನಿಗೆ ಆ ಅಂಕಿಯೂ ಕಡಲು ದಾಟಿ ಬರುವುದು,
ಕಾಗದ ನೇರ ಮಂಚಕ್ಕೆ.

"ಇಷ್ಟೇ," ಎಂದಳು. "ಇಷ್ಟನ್ನು ತಂತಿಗೆ ಕಲಿಸಬೇಕು."

ಇಷ್ಟೇ ಅಂದದ್ದು ಹನ್ನೊಂದು ವಾರ ತಿಂದಿತು.
ಹೊರಡುವ ಪ್ರತಿ ಪೊಟ್ಟಣದ ಹಣೆಬರಹ ಅಳಿಸಿ
ಮನೆಯ ವಿಳಾಸ ಬರೆಯಬೇಕು; ಬರೆದೊಡನೆ
ಕೆಳಗಿನ ಮೊತ್ತ ತಪ್ಪುತ್ತದೆ, ಅದನ್ನೂ ತಿದ್ದಬೇಕು,
ಕಳ್ಳಲೆಕ್ಕದ ಗುಮಾಸ್ತನ ಹಾಗೆ, ಆದರೆ ಯಾರ ಕಾಸನ್ನೂ ಕದಿಯದೆ.
ಆಮೇಲೆ ಸಿಕ್ಕರು ಕಾಗದದ ಒಳಗೂ ವಿಳಾಸ ಬರೆಯುವವರು:
ಕಡತ ಸಾಗಿಸುವ ಹಳೆಯ ಪದ್ಧತಿಯೊಂದು,
ಹೊಟ್ಟೆಯಲ್ಲೇ ಮಂಚದ ಗುರುತು ಹೊತ್ತದ್ದು.
ಒಡೆದು ನೋಡದೆ ದಾರಿಯಿಲ್ಲ.
ಎರಡು ದಿನ ಅವಳು ಕೀಲಿಮಣೆ ಮುಟ್ಟಲಿಲ್ಲ.
"ಅಜ್ಜಿಗೆ ಓದು ಬರುತ್ತಿರಲಿಲ್ಲ. ಅದಕ್ಕೇ ಅವರು ನಂಬಿದ್ದು."
ಮೂರನೆಯ ದಿನ ಒಡೆದಳು,
ಬೇಕಾದ ಒಂದು ಸಾಲಿಗಿಂತ ಹೆಚ್ಚು ಓದದ ಹಾಗೆ.

ಬೋಸ್ಟನ್ನಿನಿಂದ ಬಂದ ಹಿರಿಯ, ಥ್ಯಾಡಿಯಸ್ ಕ್ರೋಲ್,
ಕೋಟು ಬಿಚ್ಚದೆಯೇ ಬೈದ:
"ಪ್ರತಿಯೊಬ್ಬನಿಗೂ ಸ್ವಂತ ಬಾಗಿಲಿರಬೇಕು,
ಯಾರು ಬೇಕಾದರೂ ಬಂದು ತಟ್ಟುವಂತಿರಬೇಕು.
ಜಾಲವನ್ನು ನೀನು ಛತ್ರ ಮಾಡಿದೆ."
"ಬಾಗಿಲು ನೀವು ಕೊಡಿಸಿ," ಎಂದಳು, "ಗೋಡೆ ನಾನು ಒಡೆಯುತ್ತೇನೆ."
ಅವನು ರೊಟ್ಟಿಯನ್ನೂ ಮುಟ್ಟದೆ ಇಳಿದುಹೋದ.

ಕೊನೆಗೊಂದು ಪ್ರಶ್ನೆ ಉಳಿಯಿತು.
ಉತ್ತರ ಬಾರದ ಸಾಲನ್ನು ಎಷ್ಟು ಹೊತ್ತು ಇಟ್ಟುಕೊಳ್ಳುವುದು?
ಎರಡು ನಿಮಿಷ, ಎಂದೆ ನಾನು. ನೆನಪು ದುಬಾರಿ.
ಅವಳು ಮನೆಗೆ ಹೋಗಿ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದಳು.
ಒಳಗೆ ಒಂದೇ ಲಕೋಟೆ, ಅಂಟು ಬಿಡದ್ದು.
ಪೀಕೋದ ಮುದ್ರೆ. ಗೆರೆಯ ಪಕ್ಕ ಏಳು.
ಅದು ಬರುವ ಹೊತ್ತಿಗೆ ಏಳರ ಸಾಲು ಅಳಿಸಿಯಾಗಿತ್ತು,
ಆ ಮಂಚದವನು ಫ್ರೆಸ್ನೋ ಕಡೆ ಹಾಲು ಕರೆಯಲು ಹೋಗಿದ್ದ.
ಹೆಸರೇನೋ ಲಕೋಟೆಯ ಮೇಲೇ ಇತ್ತು: ಅಮಾರೊ ಸಿಲ್ವೆಯ್ರಾ.
ಅಜ್ಜಿಗೆ ಅದು ಬರೀ ಗೀಚು. ಯಾರಲ್ಲೂ ಓದಿಸಲಿಲ್ಲ;
ಓದು ಬಾರದೆಂದು ಮನೆಗೆಲ್ಲ ತಿಳಿದಿರುವುದು ಬೇರೆ,
ತಾನೇ ಕೈಯೊಡ್ಡಿ ಕೇಳುವುದು ಬೇರೆ.

ನಮ್ಮ ಯಂತ್ರಕ್ಕೆ ಡಬ್ಬಿಯಿಲ್ಲ.
ಸಾಲಿಲ್ಲದ್ದನ್ನು ಅದು ಬೀಳಿಸುತ್ತದೆ, ಬಿದ್ದ ಸದ್ದೂ ಬಾರದು.

ನನ್ನ ಎರಡು ನಿಮಿಷ ಅಳಿಸಿ
ಇಪ್ಪತ್ನಾಲ್ಕು ಗಂಟೆ ಎಂದು ಬರೆದಳು.
ಅಷ್ಟು ಯಾಕೆ?
"ಹಡಗು ತಡವಾಗಬಹುದು."
ನಾನು ನಕ್ಕೆ. ಅವಳು ನಗಲಿಲ್ಲ.

ಕೆಳಗೆ ಬೇಕರಿಯವನು ಶಟರ್ ಎತ್ತುತ್ತಿದ್ದ.
ಎರವಲು ತಂದ ಎಂಟು ಕಂಪ್ಯೂಟರು, ಹೊರಲೋಕಕ್ಕೆ ಒಂದೇ ಮುಖ;
ಪರದೆಗಳು ಒಂದೊಂದಾಗಿ ಉತ್ತರ ಹಿಡಿದು ಬೆಳಗಿದವು.
ಏಳನೆಯದು ಕಪ್ಪಾಗಿಯೇ ಇತ್ತು. ಇಬ್ಬರೂ ಮಾತಾಡಲಿಲ್ಲ.
ಕೇಬಲ್ ಸಡಿಲವಾಗಿತ್ತಷ್ಟೇ.
ನಾನೇ ಹೋಗಿ ಒತ್ತಿದೆ.